'ಯಿ' ಎಂಬ ಅಕ್ಷರ: ದುಭಾಷಿಯಿಂದ ಅನುವಾದದವರೆಗೆ

ಪ್ರಾಚೀನ ಚೀನದ ವಿಧಿಗ್ರಂಥಗಳಲ್ಲಿ ಒಂದಾದ 'ಲೀಜಿ'ಯಲ್ಲಿ ಅರಸರ ಕಟ್ಟಳೆಗಳನ್ನು ಕುರಿತ ಅಧ್ಯಾಯವೊಂದಿದೆ. ಹಾನ್ ಅರಸರ ಕಾಲದಲ್ಲಿ ಇಂದಿನ ರೂಪವನ್ನು ಪಡೆದ ಈ ಅಧ್ಯಾಯವು ನಡುನಾಡಿನವರನ್ನೂ ನಾಲ್ಕು ದಿಕ್ಕಿನ ಅಂಚುಗಳಲ್ಲಿ ನೆಲೆಸಿದವರನ್ನೂ ಒಟ್ಟಿಗೆ ಎಣಿಸಿ, ಅವರವರ ಉಡುಗೆ, ಊಟ, ವಸತಿಗಳನ್ನು ಹೇಳಿ, ಈ ಐದು ಕಡೆಯವರ ಮಾತು ಒಬ್ಬರದು ಮತ್ತೊಬ್ಬರಿಗೆ ತಿಳಿಯದು, ಬಯಕೆಗಳೂ ಒಂದೇ ಅಲ್ಲ ಎನ್ನುತ್ತದೆ. ಆಮೇಲೆ ಈ ಮಾತುಗಳನ್ನೂ ಬಯಕೆಗಳನ್ನೂ ಅತ್ತಿಂದಿತ್ತ ಮುಟ್ಟಿಸುವವರ ಹೆಸರುಗಳನ್ನು ಕೊಡುತ್ತದೆ. ಪೂರ್ವದ ಗಡಿಯಲ್ಲಿ ಅಂಥವನಿಗೆ 'ಜಿ' ಎಂದು ಹೆಸರು, ದಕ್ಷಿಣದಲ್ಲಿ 'ಶಿಯಾಂಗ್', ಪಶ್ಚಿಮದಲ್ಲಿ 'ದೀದಿ', ಉತ್ತರದಲ್ಲಿ 'ಯಿ'.

ಇಂದು ಚೀನೀ ಭಾಷೆಯಲ್ಲಿ ಅನುವಾದಕ್ಕೆ ಸಂಬಂಧಿಸಿದ ಬಹುಪಾಲು ಪದಗಳು ಈ ನಾಲ್ಕನೆಯ ಅಕ್ಷರದಿಂದ ಹುಟ್ಟಿದವು. ಅನುವಾದ, ಅನುವಾದಕ, ಅನುವಾದಿತ ಕೃತಿ, ದುಭಾಷಿಯ ಕೆಲಸ ಎಲ್ಲದರಲ್ಲೂ 'ಯಿ' ಇದೆ. ಮೊದಲಿನ ಮೂರು ಹೆಸರುಗಳು ಈ ಅರ್ಥದಲ್ಲಿ ಎಂದೋ ಬಳಕೆ ತಪ್ಪಿದವು. ಒಂದು ದಿಕ್ಕಿನ ಗಡಿಯಲ್ಲಿದ್ದ ಕೆಳದರ್ಜೆಯ ನೌಕರನ ಹೆಸರು ಎಲ್ಲ ದಿಕ್ಕುಗಳಿಗೂ, ಕೊನೆಗೆ ಪವಿತ್ರ ಗ್ರಂಥಗಳಿಗೂ ಸಲ್ಲುವ ಪದವಾದದ್ದು ಹೇಗೆ ಎಂಬುದನ್ನು ಆ ಅಕ್ಷರದ ಪ್ರಾಚೀನ ಪ್ರಯೋಗಗಳಲ್ಲೇ ಬಹುಮಟ್ಟಿಗೆ ಗುರುತಿಸಬಹುದು.

ಅಕ್ಷರದ ಆಕಾರದಿಂದ ಆರಂಭಿಸುವುದು ಒಳ್ಳೆಯದು. ಅದರ ಎಡಭಾಗದಲ್ಲಿರುವುದು 'ಮಾತು' ಎಂಬ ಅರ್ಥದ ಅಂಗ. ಬಲಭಾಗದಲ್ಲಿ ಮೇಲೆ ಅಡ್ಡಲಾಗಿ ಮಲಗಿಸಿದ ಕಣ್ಣು, ಅದರ ಕೆಳಗೆ ಕೈಕೋಳದಿಂದ ಬಂದ ಇನ್ನೊಂದು ಆಕೃತಿ. ಕ್ರಿ.ಶ. 100ರಲ್ಲಿ ಶು ಷೆನ್ ರಚಿಸಿ ಮುಗಿಸಿದ 'ಶ್ವೊವೆನ್ ಜಿಯೆಝಿ' ಚೀನದ ಮೊದಲ ದೊಡ್ಡ ಅಕ್ಷರಕೋಶ. 9353 ಅಕ್ಷರಗಳನ್ನು 540 ಅಂಗಗಳ ಅಡಿಯಲ್ಲಿ ವಿಂಗಡಿಸಿದ ಕೃತಿ. ಕಣ್ಣು ಮತ್ತು ಕೋಳಗಳ ಈ ಬಲಭಾಗಕ್ಕೆ ಅದು ಕೊಡುವ ವಿವರಣೆ ವಿಚಿತ್ರವಾಗಿದೆ: ಹೊಂಚಿ ನೋಡುವುದು, ಅಧಿಕಾರಿಯು ಕಣ್ಣಿಟ್ಟು ತಪ್ಪಿತಸ್ಥರನ್ನು ಹಿಡಿಸುವುದು. ಮಾತಿನ ಪಕ್ಕದಲ್ಲಿ ಕಾವಲಿನ ಕಣ್ಣು ಮತ್ತು ಕೋಳ! ಗಡಿಯ ದುಭಾಷಿಯ ಬದುಕಿಗೆ ಇದಕ್ಕಿಂತ ಒಪ್ಪುವ ಚಿತ್ರ ಬೇಕೆ ಎನಿಸುವುದು ಸಹಜ. ಆದರೆ ಇಲ್ಲಿ ಸ್ವಲ್ಪ ತಡೆದು ನಿಲ್ಲಬೇಕು. ಚೀನೀ ಅಕ್ಷರಗಳಲ್ಲಿ ಬಹುಪಾಲು ಇರುವುದು ಒಂದು ಅರ್ಥಾಂಗ ಮತ್ತು ಒಂದು ಧ್ವನ್ಯಂಗ ಕೂಡಿ ಆದ ರಚನೆ. ಈ ಅಕ್ಷರದಲ್ಲಿ ಬಲಭಾಗದ ಮೊದಲ ಕೆಲಸ ಉಚ್ಚಾರಣೆಯನ್ನು ಸೂಚಿಸುವುದು. ಅದರಲ್ಲಿ ಕಥೆಯನ್ನು ಹುಡುಕುವುದು ನಮ್ಮಲ್ಲಿ ಊರಹೆಸರುಗಳಿಗೆ ಪುರಾಣ ಕಟ್ಟುವಷ್ಟೇ ಸುಲಭ, ಅಷ್ಟೇ ಅಪಾಯಕರ.

ಹಾಗೆಂದು ಧ್ವನ್ಯಂಗವನ್ನು ಅರ್ಥಹೀನವೆಂದು ಬದಿಗಿಡಲೂ ಆಗದು. ಅದೇ ಬಲಭಾಗವಿರುವ ಅಕ್ಷರಗಳ ಕುಟುಂಬವನ್ನು ಒಟ್ಟಿಗೆ ಇಟ್ಟು ನೋಡಿದರೆ ಕುತೂಹಲದ ಸಂಗತಿಗಳು ಕಾಣುತ್ತವೆ. ಎಡಕ್ಕೆ ಕುದುರೆಯನ್ನಿಟ್ಟರೆ ಅಂಚೆಯ ಕುದುರೆ, ಕುದುರೆ ಬದಲಿಸುವ ಠಾಣೆ. ಅದರ ಉಚ್ಚಾರಣೆಯೂ 'ಯಿ'. ರೇಷ್ಮೆಯ ಅಂಗವನ್ನಿಟ್ಟರೆ ಗೂಡಿನಿಂದ ಎಳೆ ತೆಗೆಯುವುದು, ಅಲ್ಲಿಂದ ಒಂದು ವಿಚಾರದ ಎಳೆ ಹಿಡಿದು ಬಿಡಿಸುವುದು; ಅದೂ 'ಯಿ'. ಕೈಯನ್ನಿಟ್ಟರೆ ಆರಿಸುವುದು, ಅದು 'ಝೆ'. ಬಿಡಿಸು, ವಿವರಿಸು ಎಂಬ ಅರ್ಥದ 'ಷಿ' ಕೂಡ ಇದೇ ಕುಟುಂಬದ್ದು. 4ನೆಯ ಶತಮಾನದ ಬೌದ್ಧ ವಿದ್ವಾಂಸ ದಾವೊ ಆನ್ ಎಲ್ಲ ಭಿಕ್ಷುಗಳಿಗೂ ಕುಲನಾಮವಾಗಿ ಗೊತ್ತುಮಾಡಿದ್ದು ಇದನ್ನೇ. ಶಾಕ್ಯ ಎಂಬ ಹೆಸರನ್ನು ಚೀನೀಯಲ್ಲಿ ಬರೆಯುವಾಗ ಮೊದಲು ಬರುವ ಅಕ್ಷರ ಅದು. ಇವೆಲ್ಲ ಒಂದೇ ಮೂಲಪದದಿಂದ ಹುಟ್ಟಿದವು ಎಂದು ಸಾಧಿಸುವ ಅಗತ್ಯವಿಲ್ಲ. ಆದರೆ ಅಂಚೆಯ ಕುದುರೆಗೂ ದುಭಾಷಿಗೂ ನಡುವಿನ ಹೋಲಿಕೆ ಪ್ರಾಚೀನರ ಪ್ರಯೋಗದಲ್ಲೇ ನಿಜವಾಗುತ್ತದೆ. ಅದು ಮುಂದೆ ಬರುತ್ತದೆ.

ಉಚ್ಚಾರಣೆಯ ಬಗ್ಗೆಯೂ ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಇಂದು ಬೀಜಿಂಗಿನಲ್ಲಿ 'ಯಿ' ಎಂದು ಕೇಳಿಸುವ ಈ ಅಕ್ಷರ ಟಾಂಗ್ ಅರಸರ ಕಾಲದಲ್ಲಿ 'ಯೆಕ್' ಎಂಬುದಕ್ಕೆ ಹತ್ತಿರವಾಗಿ, ಕೊನೆಯಲ್ಲಿ ಕಕಾರವಿಟ್ಟುಕೊಂಡು ಉಚ್ಚಾರವಾಗುತ್ತಿತ್ತು. ಉತ್ತರ ಚೀನದ ಆಡುಮಾತು ಇಂಥ ಕೊನೆಯ ವ್ಯಂಜನಗಳನ್ನು 14ನೆಯ ಶತಮಾನದ ಹೊತ್ತಿಗೆ ಕಳೆದುಕೊಂಡಿತು.

ಇನ್ನು ಅರ್ಥಕ್ಕೆ ಬರೋಣ. ಶು ಷೆನ್ ಈ ಅಕ್ಷರಕ್ಕೆ ಕೊಡುವ ಅರ್ಥ ಒಬ್ಬ ಮನುಷ್ಯ: ನಾಲ್ಕು ದಿಕ್ಕಿನ ಅನ್ಯರ ಮಾತನ್ನು ದಾಟಿಸಿ ತಿಳಿಸುವವನು. ಕ್ರಿಯೆಯಾಗಲಿ, ಪಠ್ಯವಾಗಲಿ ಅಲ್ಲಿ ಹಿಂದಿನ ಸಾಲಿನಲ್ಲಿವೆ. ಅನುವಾದವನ್ನು ಕುರಿತ ನಮ್ಮ ಇಂದಿನ ಚರ್ಚೆಗಳು ಮೂಲಪಠ್ಯ, ಗುರಿಪಠ್ಯ ಎಂದು ಆರಂಭವಾಗುವುದರಿಂದ ಈ ವ್ಯತ್ಯಾಸವನ್ನು ಗಮನಿಸಬೇಕು. ಕನ್ನಡದ 'ಅನುವಾದ'ವೆಂದರೆ ಮೂಲತಃ ಹೇಳಿದ್ದನ್ನು ಮರಳಿ ಹೇಳುವುದು. 'ಭಾಷಾಂತರ'ವೆಂದರೆ ಇನ್ನೊಂದು ಭಾಷೆ. ಎರಡರಲ್ಲೂ ವ್ಯಕ್ತಿ ಇಲ್ಲ. ಆದರೆ ಕಚೇರಿಯ ಕಾಗದಗಳ ಮೂಲಕ ಕನ್ನಡಕ್ಕೆ ಬಂದ 'ತರ್ಜುಮೆ'ಯನ್ನು ಅರಬ್ಬಿಯಿಂದಾಚೆ ಹಿಂದಕ್ಕೆ ಹಿಡಿದು ಹೋದರೆ ಅಕ್ಕಾಡಿಯನ್ ಭಾಷೆಯ 'ತರ್ಗುಮಾನ್ನು' ಸಿಗುತ್ತದೆ. ಅದರ ಅರ್ಥ ದುಭಾಷಿ. ಚೀನದ ಉತ್ತರದ ಗಡಿಯಲ್ಲೂ ಪಶ್ಚಿಮ ಏಷ್ಯದ ಪೇಟೆಗಳಲ್ಲೂ ಅನುವಾದಕ್ಕಿಂತ ಮೊದಲು ಹೆಸರು ಪಡೆದವನು ನಡುವೆ ನಿಂತ ಮನುಷ್ಯ.

ಆ ಮನುಷ್ಯನ ಸ್ಥಾನಮಾನ ಹೇಗಿತ್ತು? 'ಗುವೊಯು' ಎಂಬ ಪ್ರಾಚೀನ ಕೃತಿಯಲ್ಲಿ ಅವನಿಗೆ 'ನಾಲಗೆಯವನು' ಎಂಬ ಇನ್ನೊಂದು ಹೆಸರಿದೆ. ಝೌ ವಂಶದ ದಿಂಗ್ ಅರಸನು ಜಿನ್ ರಾಜ್ಯದ ಮಂತ್ರಿಯೊಬ್ಬನಿಗೆ ಔತಣದ ಕಟ್ಟುಗಳನ್ನು ವಿವರಿಸುವ ಸಂದರ್ಭ ಅದು. ಗಡಿಯಾಚೆಯ ರೊಂಗ್ ಮತ್ತು ದಿ ಜನರು ಕಾಣಿಕೆ ತಂದಾಗ ಅವರನ್ನು ಬಾಗಿಲ ಹೊರಗೆ ಕೂರಿಸಿ, ತುಂಡು ಮಾಡದ ಇಡೀ ಪ್ರಾಣಿಯನ್ನು ನಾಲಗೆಯವರ ಕೈಯಲ್ಲಿ ಕೊಡಿಸಲಾಗುತ್ತದೆ ಎಂದು ಅರಸ ಹೇಳುತ್ತಾನೆ. ಒಳಗೆ ಕುಳಿತವರಿಗೆ ಬಟ್ಟಲು, ತಟ್ಟೆ, ಕ್ರಮವಾಗಿ ಕತ್ತರಿಸಿದ ಮಾಂಸ, ಹೊರಗಿನವರಿಗೆ ಇದು. ದುಭಾಷಿ ಈ ಎರಡರ ನಡುವಿನ ಹೊಸ್ತಿಲಲ್ಲಿ ಬಡಿಸುವ ಕೆಲಸಕ್ಕೆ ನಿಂತಿದ್ದಾನೆ. ಅವನು ಆಡಿದ ಮಾತು ಏನೆಂಬುದು ಆ ಗ್ರಂಥಕ್ಕೆ ಬೇಕಾಗಿಲ್ಲ.

'ಲೀಜಿ'ಯ ಉಳಿದ ಮೂರು ಹೆಸರುಗಳಿಗೆ ಟಾಂಗ್ ಕಾಲದ ವ್ಯಾಖ್ಯಾನಕಾರ ಕೊಂಗ್ ಯಿಂಗ್‌ದಾ ಒಂದೊಂದು ಅರ್ಥ ಕೊಡುತ್ತಾನೆ: ಒಳಗಿನ ಮತ್ತು ಹೊರಗಿನ ಮಾತನ್ನು ಒಪ್ಪಿಸುವವನು, ಹೊರಗಿನದಕ್ಕೆ ಒಳಗಿನದನ್ನು ಹೋಲಿಸುವವನು, ಎರಡನ್ನೂ ತಿಳಿಸುವವನು. 'ಯಿ'ಗೆ ಅವನು ಕೊಡುವ ಅರ್ಥ ತೆರೆದಿಟ್ಟು ಹೇಳುವವನು ಎಂದು. ಹಾನ್ ಕಾಲದ ಝೆಂಗ್ ಶ್ವೆನ್ ಮಾತ್ರ ಹೆಚ್ಚು ಎಚ್ಚರದ ವಿದ್ವಾಂಸ. ಇವೆಲ್ಲ ಜನಬಳಕೆಯ ಹೆಸರುಗಳು, ಕೆಲಸದ ಬಗೆಯನ್ನು ನೋಡಿ ಬಂದವು ಎಂದಷ್ಟೇ ಹೇಳಿ ಮುಂದೆ ಸಾಗುತ್ತಾನೆ. ದಕ್ಷಿಣದ 'ಶಿಯಾಂಗ್' ಮಾತ್ರ ಓದುಗರನ್ನು ಬಹಳ ಕಾಲ ಕಾಡಿದ ಪದ, ಏಕೆಂದರೆ ಆನೆ ಎಂಬುದಕ್ಕೂ ಅದೇ ಅಕ್ಷರ. ದಕ್ಷಿಣದ ಯುಯೆಶಾಂಗ್ ಎಂಬ ದೂರದ ನಾಡಿನವರು ಝೌ ದೊರೆಗೆ ಬಿಳಿಯ ಕಾಡುಕೋಳಿಯನ್ನು ಒಪ್ಪಿಸಲು ಬಂದ ಪ್ರಸಂಗವನ್ನು 5ನೆಯ ಶತಮಾನದ ಫಾನ್ ಯೆ ತನ್ನ ಚರಿತ್ರೆಯಲ್ಲಿ ಹೇಳುವಾಗ, ಅವರು ಮೂರು 'ಶಿಯಾಂಗ್'ಗಳ ನೆರವಿನಿಂದ ಬಂದರು ಎಂದು ಬರೆಯುತ್ತಾನೆ. ಎಚ್ಚರವಿಲ್ಲದ ಓದಿನಲ್ಲಿ ಇಲ್ಲಿ ಮೂರು ಆನೆಗಳು ನಡೆದು ಬರುತ್ತವೆ. ಬಂದದ್ದು ಮೂವರು ದುಭಾಷಿಗಳು.

ಅದೇ ವಾಕ್ಯದಲ್ಲಿ 'ಚೊಂಗ್ ಯಿ' ಎಂಬ ಜೋಡಿಪದವಿದೆ. 'ಚೊಂಗ್' ಎಂದರೆ ಮಡಿಕೆಮಡಿಕೆಯಾದ, ಮತ್ತೆ ಮತ್ತೆ ಆದ. ಒಬ್ಬ ದುಭಾಷಿ ಒಂದು ಭಾಷೆಯಿಂದ ನೆರೆಯ ಭಾಷೆಗೆ ಹೇಳುತ್ತಾನೆ, ಎರಡನೆಯವನು ಅದನ್ನು ಅದರ ನೆರೆಯದಕ್ಕೆ, ಹೀಗೆ ಸರಪಳಿಯಾಗಿ ಮಾತು ರಾಜಧಾನಿಯನ್ನು ತಲಪುತ್ತದೆ. ಅಂಚೆಯ ಕುದುರೆ ನೆನಪಾಗುವುದು ಇಲ್ಲಿ. ಪ್ರತಿ ಠಾಣೆಯಲ್ಲೂ ಕುದುರೆ ಬದಲಾಗುತ್ತದೆ, ಓಲೆ ಮುಂದಕ್ಕೆ ಹೋಗುತ್ತದೆ. ಸಿಮಾ ಚಿಯೆನ್ ತನ್ನ 'ಷೀಜಿ'ಯಲ್ಲಿ, ಮಧ್ಯ ಏಷ್ಯದ ನಾಡುಗಳ ಸುದ್ದಿ ಕೇಳಿದ ವೂ ಚಕ್ರವರ್ತಿಯ ಆಸೆಯನ್ನು ಬಣ್ಣಿಸುವಾಗ ಒಂಬತ್ತು ಮಡಿಕೆಯ 'ಯಿ' ಎನ್ನುತ್ತಾನೆ; ಅಷ್ಟು ದೂರದವರೂ ತನ್ನ ಆಣತಿಗೆ ಬರಬಹುದು ಎಂಬುದು ಆ ದೊರೆಯ ಎಣಿಕೆ. ಹೀಗೆ ದುಭಾಷಿಗಳ ಸಂಖ್ಯೆ ದೂರವನ್ನು ಅಳೆಯುವ ಮಾನವಾಯಿತು, ದೂರವು ದೊರೆಯ ಕೀರ್ತಿಯ ಮಾನವಾಯಿತು. ಮುಂದಿನ ಶತಮಾನಗಳಲ್ಲಿ 'ಚೊಂಗ್ ಯಿ' ಎಂಬುದು ಚಕ್ರವರ್ತಿಯ ಸ್ತುತಿಯಲ್ಲಿ ಸವೆದ ನಾಣ್ಯ. ಆ ಸರಪಳಿಯಲ್ಲಿ ನಿಂತಿದ್ದ ಒಬ್ಬನ ಹೆಸರನ್ನೂ ಈ ಸ್ತುತಿಗಳು ಹೇಳುವುದಿಲ್ಲ.

ಆಡಳಿತದ ದಾಖಲೆಗಳು ಇಷ್ಟು ಉಡಾಫೆಯವಲ್ಲ. ಬಾನ್ ಗು ರಚಿಸಿದ 'ಹಾನ್‌ಶು' ಪಶ್ಚಿಮದ ಮರಳುನಾಡಿನ ಓಯಸಿಸ್ ರಾಜ್ಯಗಳನ್ನು ಒಂದೊಂದಾಗಿ ಹೇಳುವಾಗ ಮನೆಗಳು, ಜನ, ಸೈನಿಕರು, ಅಧಿಕಾರಿಗಳು ಎಷ್ಟು ಎಂದು ಲೆಕ್ಕ ಕೊಡುತ್ತದೆ. ಅಧಿಕಾರಿಗಳ ಪಟ್ಟಿಯಲ್ಲಿ 'ಯಿ ಝಾಂಗ್', ಅಂದರೆ ದುಭಾಷಿಗಳ ಮುಖ್ಯಸ್ಥ ಎಂಬ ಹುದ್ದೆ ಮತ್ತೆ ಮತ್ತೆ ಬರುತ್ತದೆ. 14,100 ಜನರಿದ್ದ ಷಾನ್‌ಷಾನ್ ರಾಜ್ಯದಲ್ಲಿ ಅಂಥವರು ಇಬ್ಬರು. 81,317 ಜನರಿದ್ದ ಕೂಚಾದಲ್ಲಿ ನಾಲ್ವರು. ಹಾನ್ ರಾಜಧಾನಿಯಲ್ಲೂ ಹೊರನಾಡಿನ ಅತಿಥಿಗಳನ್ನು ನೋಡಿಕೊಳ್ಳುವ ಇಲಾಖೆಯ ಕೆಳಗೆ 'ಯಿ' ಅಧಿಕಾರಿಯ ಕಚೇರಿಯಿತ್ತು. ಇಷ್ಟರ ಹೊತ್ತಿಗೆ ಪದವು ಉತ್ತರವನ್ನು ಬಿಟ್ಟು ಪಶ್ಚಿಮಕ್ಕೆ ಸರಿದಿದೆ ಎಂಬುದನ್ನೂ ಗಮನಿಸಬಹುದು. 'ಲೀಜಿ'ಯ ಕಟ್ಟಳೆಯಂತೆ ಕೂಚಾದವನನ್ನು 'ದೀದಿ' ಎಂದು ಕರೆಯಬೇಕಿತ್ತು.

ಗಡಿಯ ದುಭಾಷಿಯೊಬ್ಬನ ಹೆಸರು ಮತ್ತು ಅವನ ಕೆಲಸ ಎರಡೂ ಉಳಿದುಬಂದ ಅಪರೂಪದ ಪ್ರಸಂಗವೊಂದು ಫಾನ್ ಯೆಯ ಚರಿತ್ರೆಯಲ್ಲೇ ಇದೆ. ಕ್ರಿ.ಶ. 58ರಿಂದ 75ರವರೆಗಿನ ಯೊಂಗ್‌ಪಿಂಗ್ ವರ್ಷಗಳಲ್ಲಿ, ಇಂದಿನ ಸಿಚುವಾನ್ ಭಾಗದಲ್ಲಿ ಝು ಫು ಎಂಬ ಪ್ರಾಂತಾಧಿಕಾರಿಯಿದ್ದ. ಅಲ್ಲಿಂದಾಚೆಯ ಬೆಟ್ಟನಾಡಿನ ಬೈಲಾಂಗ್ ಜನರ ದೊರೆ ಹಾನ್ ಚಕ್ರವರ್ತಿಯನ್ನು ಹೊಗಳಿ ಮೂರು ಹಾಡುಗಳನ್ನು ಒಪ್ಪಿಸಿದನೆಂದು ಆತ ರಾಜಧಾನಿಗೆ ವರದಿ ಬರೆದ. ಆ ಜನರೊಡನೆ ಬಳಕೆಯಿದ್ದು ಅವರ ಮಾತು ಬಲ್ಲ ತಿಯಾನ್ ಗೊಂಗ್ ಎಂಬ ಜಿಲ್ಲಾ ಕಚೇರಿಯ ಗುಮಾಸ್ತನಿಂದ ಅವರ ಆಚಾರಗಳನ್ನು ವಿಚಾರಿಸಿ, ಅವರ ಮಾತನ್ನು 'ಯಿ' ಮಾಡಿಸಿದೆ ಎಂಬುದು ವರದಿಯ ಒಕ್ಕಣೆ. ಇಲ್ಲಿ ಅಕ್ಷರವು ಕ್ರಿಯಾಪದವಾಗಿದೆ. ಒಟ್ಟು 44 ಸಾಲು. ಸಾಲಿಗೆ ನಾಲ್ಕು ಅಕ್ಷರದಂತೆ 176. ಚೀನೀ ಅನುವಾದವಷ್ಟೇ ಅಲ್ಲದೆ ಬೈಲಾಂಗ್ ಮಾತಿನ ಉಚ್ಚಾರಣೆಯನ್ನೂ ಚೀನೀ ಅಕ್ಷರಗಳಲ್ಲಿ ಹಿಡಿದಿಡಲಾಗಿತ್ತು. ಅದು 7ನೆಯ ಶತಮಾನದ ವ್ಯಾಖ್ಯಾನದ ಮೂಲಕ ನಮಗೆ ಸಿಕ್ಕಿದೆ. ಟಿಬೆಟೊ-ಬರ್ಮನ್ ಕುಟುಂಬದ ಭಾಷೆಯೊಂದರ ದಾಖಲೆಗಳಲ್ಲಿ ಅತ್ಯಂತ ಹಳೆಯದೆಂದು ಭಾಷಾವಿಜ್ಞಾನಿಗಳು ಇದನ್ನು ಪರಿಗಣಿಸುತ್ತಾರೆ.

ಈ ದಾಖಲೆಯನ್ನು ಹೇಗೆ ಓದಬೇಕೆಂಬುದು ಸುಲಭವಲ್ಲ. ಬೈಲಾಂಗ್ ಸಾಲುಗಳು ಚೀನೀ ಸಾಲುಗಳನ್ನು ಪದಕ್ಕೆ ಪದವಾಗಿ, ಅದೇ ಕ್ರಮದಲ್ಲಿ ಹಿಂಬಾಲಿಸುವುದನ್ನು ಕಂಡು, ಹಾಡುಗಳು ಮೊದಲು ಚೀನೀಯಲ್ಲೇ ಹುಟ್ಟಿ ಆಮೇಲೆ ಬೈಲಾಂಗಿಗೆ ಹೋದವೇನೋ ಎಂದು ಕೆಲವು ವಿದ್ವಾಂಸರು ಶಂಕಿಸಿದ್ದಾರೆ. ಅದು ನಿಜವಾದರೆ ಬೆಟ್ಟದ ದೊರೆಯ ಬಾಯಲ್ಲಿ ಸ್ತುತಿಯನ್ನಿಟ್ಟವನು ಗಡಿಯ ಅಧಿಕಾರಿ. 'ಯಿ' ಎಂಬ ಕ್ರಿಯಾಪದ ಎದುರು ದಿಕ್ಕಿನಲ್ಲಿ ಕೆಲಸ ಮಾಡಿದೆ. ಹೀಗಿದ್ದರೂ ಬೈಲಾಂಗ್ ಜನರ ಮಾತಿನಿಂದ ಇಂದು ಉಳಿದಿರುವುದು ಆ ಗುಮಾಸ್ತ ಕೇಳಿ ಬರೆಸಿದ ಅಷ್ಟು ಪದಗಳು ಮಾತ್ರ. ಹಾಡುಗಳ ಶೀರ್ಷಿಕೆಯಲ್ಲಿ ಅವರನ್ನು ಕರೆದಿರುವುದು 'ದೂರದ ಯಿ' ಎಂದು. ಇದು ಬೇರೆಯೇ ಅಕ್ಷರ. ನಡುನಾಡಿನವರು ಅನ್ಯಜನರಿಗೆ, ವಿಶೇಷವಾಗಿ ಪೂರ್ವದವರಿಗೆ ಇಟ್ಟ ಹೆಸರು, ಕಾಲಕ್ರಮದಲ್ಲಿ ಅನಾಗರಿಕ ಎಂಬ ಧ್ವನಿಯನ್ನು ಹೊತ್ತ ಪದ. ಅನ್ಯನನ್ನು ಹೇಳುವ ಈ 'ಯಿ'ಯನ್ನು ನೆನಪಿನಲ್ಲಿಡಬೇಕು.

ಉತ್ತರದ ಹೆಸರೇ ಏಕೆ ಗೆದ್ದಿತು ಎಂಬ ಪ್ರಶ್ನೆಯನ್ನು ಕೇಳಿದ ಮೊದಲಿಗರಲ್ಲಿ 10ನೆಯ ಶತಮಾನದ ತ್ಸಾನ್‌ನಿಂಗ್ ಒಬ್ಬ. ಸಾಂಗ್ ಚಕ್ರವರ್ತಿಯ ಆಣತಿಯಂತೆ ಬೌದ್ಧ ಭಿಕ್ಷುಗಳ ಚರಿತ್ರೆಗಳನ್ನು ಸಂಕಲಿಸಿ 988ರಲ್ಲಿ ಒಪ್ಪಿಸಿದ ಈತ ಸ್ವತಃ ಅನುವಾದಕನಲ್ಲ, ಅನುವಾದದ ಇತಿಹಾಸಕಾರ. ನಾಲ್ಕು ದಿಕ್ಕಿನ ನಾಲ್ಕು ಅಧಿಕಾರಿಗಳಲ್ಲಿ 'ಯಿ' ಒಂದೇ ಪ್ರಸಿದ್ಧವಾದದ್ದೇಕೆಂದು ಕೇಳಿಕೊಂಡು, ಹಾನ್ ಕಾಲದಿಂದೀಚೆಗೆ ರಾಜ್ಯದ ತೊಡಕುಗಳೆಲ್ಲ ಉತ್ತರದೊಡನೆ ಇದ್ದುದರಿಂದ ಆ ಹೆಸರು ಬಳಸಿ ಬಳಸಿ ಪಕ್ವವಾಯಿತೇನೋ ಎಂದು ಅವನು ಊಹಿಸುತ್ತಾನೆ. ಶಿಯೊಂಗ್‌ನು ಕುದುರೆ ಸವಾರರೊಡನೆ ಹಾನ್ ಅರಸರು ನಡೆಸಿದ ಯುದ್ಧ, ಸಂಧಿ, ಮದುವೆ ಸಂಬಂಧಗಳನ್ನು ನೆನೆದರೆ ಊಹೆ ಸರಿಯೆನಿಸುತ್ತದೆ. ಅವನು ಅದನ್ನು ಊಹೆಯೆಂದೇ ಹೇಳಿದ್ದಾನೆ ಎಂಬುದೂ ಅವನ ಮೇಲಿನ ಗೌರವವನ್ನು ಹೆಚ್ಚಿಸುತ್ತದೆ.

ಆದರೆ ಪದಕ್ಕೆ ಹೊಸ ಅಂತಸ್ತು ಬಂದದ್ದು ಬೌದ್ಧ ಗ್ರಂಥಗಳಿಂದ. ಪಾರ್ಥಿಯಾದ ಆನ್ ಷಿಗಾವ್ 148ರಲ್ಲಿ ಲುವೊಯಾಂಗ್ ನಗರಕ್ಕೆ ಬಂದ ಮೇಲೆ ಸಾವಿರ ವರ್ಷಗಳ ಕಾಲ ನಡೆದ ಆ ಮಹಾಕಾರ್ಯದಲ್ಲಿ 'ಯಿ' ಗಡಿಠಾಣೆಯಿಂದ ವಿಹಾರದೊಳಕ್ಕೆ ಬಂತು. ಸೂತ್ರಗ್ರಂಥದ ಆರಂಭದಲ್ಲಿ ವಂಶದ ಹೆಸರು, ಬಿರುದು, ಆಚಾರ್ಯನ ಹೆಸರು, ಕೊನೆಗೆ ಒಂಟಿಯಾಗಿ 'ಯಿ': ಇದು ಸ್ಥಿರವಾದ ಪದ್ಧತಿಯಾಯಿತು. ನಾಲ್ವರು ದುಭಾಷಿ ಮುಖ್ಯಸ್ಥರಿದ್ದ ಅದೇ ಕೂಚಾದಲ್ಲಿ 4ನೆಯ ಶತಮಾನದಲ್ಲಿ ಕುಮಾರಜೀವ ಹುಟ್ಟಿದ. 401ರಲ್ಲಿ ಚಾಂಗಾನ್ ತಲಪಿದ ಅವನ ಹೆಸರಿನ ಮುಂದೆ ಬರುವ 'ಯಿ'ಗೂ ಬಾಗಿಲ ಹೊರಗೆ ಮಾಂಸ ಹಂಚುವ ನಾಲಗೆಯವನಿಗೂ ನಡುವೆ ಎಷ್ಟು ಅಂತರ! ಆ ಗೌರವದ ನಡುವೆಯೂ ಕುಮಾರಜೀವನಿಗೆ ತನ್ನ ಕೆಲಸದ ಬಗ್ಗೆ ಭ್ರಮೆಯಿರಲಿಲ್ಲ. ಸಂಸ್ಕೃತವನ್ನು ಚೀನೀಗೆ ತರುವುದು ಅನ್ನವನ್ನು ಅಗಿದು ಇನ್ನೊಬ್ಬರಿಗೆ ಉಣಿಸಿದಂತೆ, ರುಚಿ ಹೋಗುವುದಷ್ಟೇ ಅಲ್ಲ, ವಾಕರಿಕೆಯೂ ಬರುತ್ತದೆ ಎಂದು ಅವನು ಶಿಷ್ಯನಿಗೆ ಹೇಳಿದ ಮಾತು ಪ್ರಸಿದ್ಧ.

ವಿಹಾರದೊಳಗೆ 'ಯಿ' ಎಂಬುದು ಯಾರನ್ನು ಸೂಚಿಸುತ್ತಿತ್ತು ಎಂಬುದು ಸೂಕ್ಷ್ಮವಾದ ಪ್ರಶ್ನೆ. ಅನುವಾದ ನಡೆಯುತ್ತಿದ್ದುದು ಸಭೆಯಲ್ಲಿ, ಹಲವರ ಕೈಯಲ್ಲಿ. ತ್ಸಾನ್‌ನಿಂಗ್ ಕೊಡುವ ಹುದ್ದೆಗಳ ಪಟ್ಟಿಯಲ್ಲಿ ಮೊದಲಿಗ 'ಯಿ ಝು', ಅನುವಾದದ ಒಡೆಯ; ಓಲೆಗರಿಯ ಗ್ರಂಥವನ್ನು ಹೊತ್ತು ತಂದ, ಶಾಸ್ತ್ರ ಬಲ್ಲ ಆಚಾರ್ಯ. ಎರಡನೆಯವನು ಕುಂಚದಲ್ಲಿ ಬರೆದುಕೊಳ್ಳುವವನು. ಒಂದು ಭಾಷೆಯ ಮಾತನ್ನು ಇನ್ನೊಂದಕ್ಕೆ ದಾಟಿಸಿ ಸಭೆಗೆ ಅರ್ಥಮಾಡಿಸುವ ದುಭಾಷಿ ಬರುವುದು ಅವರ ನಂತರ. ಆಮೇಲೆ ಮೂಲವನ್ನು ಒರೆಹಚ್ಚುವವರು, ಅರ್ಥವನ್ನು ಒರೆಹಚ್ಚುವವರು, ಶೈಲಿಗೆ ಹೊಳಪು ಕೊಡುವವರು. ಆರಂಭದ ಶತಮಾನಗಳಲ್ಲಿ 'ಯಿ' ಎಂಬ ಅಕ್ಷರದ ಪಕ್ಕದಲ್ಲಿ ಹೆಸರು ಪಡೆದ ಎಷ್ಟೋ ಪರದೇಶಿ ಆಚಾರ್ಯರಿಗೆ ಚೀನೀ ಅಷ್ಟಾಗಿ ಬರುತ್ತಿರಲಿಲ್ಲ. ಅನುವಾದದಲ್ಲಿ ಆಗುವ ಐದು ಬಗೆಯ ನಷ್ಟಗಳನ್ನು 382ರಲ್ಲಿ ವಿವರಿಸಿ ಸಿದ್ಧಾಂತವನ್ನೇ ಕಟ್ಟಿದ ದಾವೊ ಆನ್‌ನಿಗೆ ಸಂಸ್ಕೃತ ಬರುತ್ತಿರಲಿಲ್ಲ. ಪದವು ಮೇಲೇರಿತು, ಅದನ್ನು ಮೊದಲು ಹೊತ್ತಿದ್ದವನು ಸಭೆಯ ಮೂರನೆಯ ಸ್ಥಾನದಲ್ಲಿ ಉಳಿದ.

ಈ ಕಾಲದಲ್ಲೇ ಅಕ್ಷರಕ್ಕೆ ಒಂದು ಹೊಸ ನಿರುಕ್ತಿಯೂ ಸಿಕ್ಕಿತು. ವಿನಿಮಯ, ಬದಲಾವಣೆ ಎಂಬ ಅರ್ಥದ ಇನ್ನೊಂದು 'ಯಿ' ಚೀನೀಯಲ್ಲಿದೆ. ಟಾಂಗ್ ಕಾಲದ ವ್ಯಾಖ್ಯಾನಕಾರ ಜಿಯಾ ಗೊಂಗ್ಯಾನ್, ಅನುವಾದದ 'ಯಿ' ಎಂದರೆ ವಿನಿಮಯದ 'ಯಿ'ಯೇ, ಪರಸ್ಪರ ತಿಳಿಯುವಂತೆ ಮಾತುಗಳನ್ನು ಬದಲಿಸಿಕೊಳ್ಳುವುದು ಎಂದ. ತ್ಸಾನ್‌ನಿಂಗ್ ಅದನ್ನು ಇನ್ನೂ ಮುಂದಕ್ಕೊಯ್ದು, ಇರುವುದನ್ನು ಕೊಟ್ಟು ಇಲ್ಲದ್ದನ್ನು ಪಡೆಯುವುದು ಎಂದು ವಿವರಿಸಿದ. ಅವನ ಇನ್ನೊಂದು ಹೋಲಿಕೆ ಜರತಾರಿ ರೇಷ್ಮೆಯದು: ಮಗುಚಿ ಹಾಕಿದರೆ ಹಿಂಬದಿಯಲ್ಲೂ ಹೂವಿದೆ, ಆದರೆ ಎಡದ ಹೂ ಬಲಕ್ಕೆ ಬಂದಿದೆ. ಇಲ್ಲಿನ 'ಮಗುಚು' ಎಂಬುದಕ್ಕೆ ಚೀನೀಯಲ್ಲಿ 'ಫಾನ್' ಎನ್ನುತ್ತಾರೆ. 'ಫಾನ್' ಮತ್ತು 'ಯಿ' ಕೂಡಿ ಆದ 'ಫಾನ್‌ಯಿ'ಯೇ ಇಂದಿನ ಚೀನೀಯಲ್ಲಿ ಅನುವಾದಕ್ಕೆ ಸಾಮಾನ್ಯ ಪದ.

ದ್ವಿಭಾಷಾ ಪ್ರದೇಶಗಳಲ್ಲಿ ಕೆಲಸ ಮಾಡುವವರಿಗೆ ತ್ಸಾನ್‌ನಿಂಗ್‌ನ ಇನ್ನೊಂದು ವಿಂಗಡಣೆ ಹೆಚ್ಚು ಉಪಯುಕ್ತವಾಗಬಹುದು. ಅವನ ಪ್ರಕಾರ ಲಿಪಿಯನ್ನು 'ಯಿ' ಮಾಡಿ ಧ್ವನಿಯನ್ನು ಹಾಗೇ ಉಳಿಸಬಹುದು. ಧಾರಣಿಗಳು, ಅಂದರೆ ಮಂತ್ರಗಳು, ಹಾಗೆ ಬಂದವು. ಧ್ವನಿಯನ್ನು ಮಾತ್ರ 'ಯಿ' ಮಾಡಿ ಆಕೃತಿಯನ್ನು ಉಳಿಸಬಹುದು. ಬುದ್ಧನ ಎದೆಯ ಮೇಲಿನ ಸ್ವಸ್ತಿಕ ಅಂಥದು. ಎರಡನ್ನೂ ಮಾಡಬಹುದು, ಎರಡನ್ನೂ ಮಾಡದಿರಬಹುದು. ನಾವು ಲಿಪ್ಯಂತರವೆಂದು ಬೇರೆಯಾಗಿ ಎಣಿಸುವುದು ಅವನ ದೃಷ್ಟಿಯಲ್ಲಿ 'ಯಿ'ಯ ಒಂದು ಬಗೆ. ಬೈಲಾಂಗ್ ಹಾಡುಗಳ ಎರಡೂ ರೂಪಗಳನ್ನು ಈ ಮಾತಿನ ಬೆಳಕಿನಲ್ಲಿ ನೋಡಿದರೆ, ತಿಯಾನ್ ಗೊಂಗ್ ಮಾಡಿದ್ದು ಎರಡು ಕೆಲಸವಲ್ಲ, ಒಂದೇ ಎನಿಸುತ್ತದೆ.

ಕನ್ನಡ ನಾಡಿನ ಇತಿಹಾಸ ಈ ಅಕ್ಷರವನ್ನು ನೇರವಾಗಿ ಸಂಧಿಸುವುದು ಒಂದು ಕಡೆ. ಹ್ಯೂಯೆನ್ ತ್ಸಾಂಗ್ 646ರಲ್ಲಿ ಸಿದ್ಧಪಡಿಸಿದ ಪಶ್ಚಿಮ ದೇಶಗಳ ವೃತ್ತಾಂತದಲ್ಲಿ, ಹರ್ಷನಿಗೆ ಮಣಿಯದ ಮಹಾರಾಷ್ಟ್ರದ ದೊರೆಯಾಗಿ ಬಾದಾಮಿಯ ಇಮ್ಮಡಿ ಪುಲಕೇಶಿ ಬರುತ್ತಾನೆ. ಹೆಸರನ್ನು ನಾಲ್ಕು ಅಕ್ಷರಗಳಲ್ಲಿ ಬರೆಯಲಾಗಿದೆ. ಇಂದಿನ ಬೀಜಿಂಗ್ ಉಚ್ಚಾರಣೆಯಲ್ಲಿ ಓದಿದರೆ 'ಬು-ಲುವೊ-ಜಿ-ಷೆ' ಎಂದಾಗಿ ಗುರುತೇ ಸಿಗದು. ಟಾಂಗ್ ಕಾಲದ ಉಚ್ಚಾರಣೆಯಲ್ಲಿ 'ಪು-ಲ-ಕೆ-ಶ' ಎಂಬುದಕ್ಕೆ ಹತ್ತಿರವಾಗಿ ಬಾದಾಮಿಯ ಕಿವಿಗೂ ಒಪ್ಪುವಂತಿತ್ತು. ತ್ಸಾನ್‌ನಿಂಗ್‌ನ ಲೆಕ್ಕದಲ್ಲಿ ಇದು ಲಿಪಿಯ 'ಯಿ', ಧ್ವನಿಯದಲ್ಲ. ಇನ್ನೂ ಕುತೂಹಲದ ಸಂಗತಿ ಆ ಗ್ರಂಥದ ಮೊದಲ ಸಾಲಿನಲ್ಲಿದೆ. ಸಾಂಪ್ರದಾಯಿಕ ಪ್ರತಿಗಳ ಪ್ರಕಾರ, ಹ್ಯೂಯೆನ್ ತ್ಸಾಂಗ್ ರಾಜಾಜ್ಞೆಯಂತೆ ಅದನ್ನು 'ಯಿ' ಮಾಡಿದ, ಶಿಷ್ಯ ಬಿಯಾನ್‌ಜಿ ಅದನ್ನು ರಚಿಸಿದ. ಆ ವೃತ್ತಾಂತಕ್ಕೆ ಸಂಸ್ಕೃತದ ಮೂಲವೊಂದು ಇರಲಿಲ್ಲ. ಪರನಾಡನ್ನು ನಡೆದು, ಕೇಳಿ, ನೋಡಿ ತಂದದ್ದನ್ನು ತನ್ನವರ ಮುಂದೆ ತೆರೆದಿಡುವುದೂ 'ಯಿ' ಎಂಬ ಹಳೆಯ ಅರ್ಥ ಅಲ್ಲಿ ಮತ್ತೆ ಕಾಣಿಸಿಕೊಂಡಂತಿದೆ. 75 ಗ್ರಂಥಗಳನ್ನು ಅನುವಾದಿಸಿದ ಇದೇ ಆಚಾರ್ಯನ ಹೆಸರಿನಲ್ಲಿ, ಮಗುಚಬಾರದ ಐದು ಬಗೆಯ ಪದಗಳ ನಿಯಮವೂ ಪ್ರಸಿದ್ಧವಾಗಿದೆ. ಚೀನದಲ್ಲಿ ಇಲ್ಲದ ವಸ್ತುವಿನ ಹೆಸರನ್ನು ಹಾಗೇ ಇಡಬೇಕು ಎಂಬುದು ಅವುಗಳಲ್ಲಿ ಒಂದು. ಅದಕ್ಕೆ ಕೊಡುವ ಉದಾಹರಣೆ ಜಂಬೂ ವೃಕ್ಷ, ನಮ್ಮ ನೇರಳೆ. 'ಪ್ರಜ್ಞೆ'ಯನ್ನು ಬುದ್ಧಿವಂತಿಕೆ ಎಂದು ಮಗುಚಿದರೆ ಅದರ ತೂಕ ಇಳಿಯುತ್ತದೆ ಎಂಬುದು ಇನ್ನೊಂದು.

ಸಾಂಗ್ ಕಾಲದ ನಂತರ ಸೂತ್ರಗಳ ಅನುವಾದ ಕ್ಷೀಣಿಸಿ, 'ಯಿ' ಮತ್ತೆ ರಾಜತಂತ್ರದ ಕಚೇರಿಗೆ ಮರಳಿತು. ಮಿಂಗ್ ಚಕ್ರವರ್ತಿ ಯೊಂಗ್‌ಲ 1407ರಲ್ಲಿ ಹೊರನಾಡಿನ ಓಲೆಗಳನ್ನು ಓದಿ ಬರೆಯುವವರನ್ನು ತಯಾರಿಸಲು ಸಂಸ್ಥೆಯೊಂದನ್ನು ಸ್ಥಾಪಿಸಿದ. ಮಂಗೋಲ್, ಜುರ್ಚೆನ್, ಟಿಬೆಟನ್, ಭಾರತೀಯ, ಪಾರಸಿ, ಉಯ್ಘುರ್, ಬರ್ಮೀಯ ಮತ್ತು ತಾಯ್ ಜನರ ಬೈಯಿ, ಹೀಗೆ ಎಂಟು ಶಾಖೆಗಳು ಮೊದಲಿಗೆ; ಮುಂದೆ ಇನ್ನೆರಡು ಸೇರಿದವು. ಸಂಸ್ಥೆಯ ಹೆಸರು 'ಸಿ ಯಿ ಗುವಾನ್', ನಾಲ್ಕು ದಿಕ್ಕಿನ ಅನಾಗರಿಕರ ಭವನ. ಬೈಲಾಂಗ್ ಹಾಡುಗಳ ಶೀರ್ಷಿಕೆಯಲ್ಲಿದ್ದ ಅನ್ಯರ 'ಯಿ' ಅದು. 1644ರಲ್ಲಿ ಮಂಚೂ ಜನರು ಬೀಜಿಂಗನ್ನು ಹಿಡಿದು ಚಿಂಗ್ ವಂಶದ ಆಳ್ವಿಕೆಯನ್ನು ಆರಂಭಿಸಿದರು. ಅವರು ಜುರ್ಚೆನ್ನರ ವಂಶಸ್ಥರು. ಅಂದರೆ ಆ ಭವನದಲ್ಲಿ ಕಲಿಸುತ್ತಿದ್ದ ಅನಾಗರಿಕರ ಭಾಷೆಗಳಲ್ಲಿ ಅವರ ಹಿರಿಯರದೂ ಒಂದು. ಹೊಸ ಆಳರಸರು ಜುರ್ಚೆನ್ ಮತ್ತು ಮಂಗೋಲ್ ಶಾಖೆಗಳನ್ನು ತೆಗೆದುಹಾಕಿದರು. ಹೆಸರನ್ನೂ ಬದಲಿಸಿದರು. ಅದು ಈಗಲೂ 'ಸಿ ಯಿ ಗುವಾನ್' ಎಂದೇ ಕೇಳಿಸುತ್ತಿತ್ತು, ಸ್ವರದ ಏರಿಳಿತವೊಂದೇ ಬೇರೆ. ಆದರೆ ಬರೆಯುವಾಗ ಅನಾಗರಿಕರ ಅಕ್ಷರದ ಜಾಗದಲ್ಲಿ ಅನುವಾದದ ಅಕ್ಷರ. ನಾಲ್ಕು ದಿಕ್ಕಿನ ಅನುವಾದಗಳ ಭವನ.

ಈ ಪಲ್ಲಟ ಟಾಂಗ್ ಕಾಲದಲ್ಲಿ ಸಾಧ್ಯವಿರಲಿಲ್ಲ. ಆಗ ಒಂದು ಅಕ್ಷರಕ್ಕೆ ಕೊನೆಯಲ್ಲಿ ಕಕಾರವಿತ್ತು, ಇನ್ನೊಂದಕ್ಕಿರಲಿಲ್ಲ. ಕಿವಿಯೇ ಅವನ್ನು ಬೇರೆ ಮಾಡುತ್ತಿತ್ತು. ಉತ್ತರದ ಆಡುಮಾತು ಕಕಾರವನ್ನು ಬಿಟ್ಟುಕೊಟ್ಟದ್ದರಿಂದ ಅವಮಾನದ ಪದದ ಮೇಲೆ ಅನುವಾದದ ಪದವನ್ನು ಹೊಲಿಗೆ ಕಾಣದಂತೆ ತೊಡಿಸಲು ಬಂತು. ಅನ್ಯರ 'ಯಿ' ಮುಂದೆಯೂ ತಂಟೆ ತಪ್ಪಿಸಲಿಲ್ಲ: ಬ್ರಿಟಿಷರು 1858ರ ತಿಯಾನ್‌ಜಿನ್ ಒಪ್ಪಂದದಲ್ಲಿ, ತಮ್ಮನ್ನು ಕುರಿತ ಸರ್ಕಾರಿ ಕಾಗದಗಳಲ್ಲಿ ಆ ಅಕ್ಷರವನ್ನು ಬಳಸಕೂಡದೆಂಬ ಕಲಮನ್ನೇ ಸೇರಿಸಿದರು.

ಶು ಷೆನ್‌ನ ಕೋಶದಲ್ಲಿ 'ಯಿ' ಕಾಣಿಸಿಕೊಳ್ಳುವ ಇನ್ನೊಂದು ಜಾಗವನ್ನು ಹೇಳದೆ ಈ ಚರ್ಚೆ ಮುಗಿಯದು. ಬೇಟೆಗಾರನು ಜೀವಂತ ಹಕ್ಕಿಯೊಂದನ್ನು ಕಟ್ಟಿಹಾಕಿ, ಅದರ ಕೂಗಿನಿಂದ ಬೇರೆ ಹಕ್ಕಿಗಳನ್ನು ಸೆಳೆದು ಬಲೆಗೆ ಕೆಡವುತ್ತಾನೆ. ಹಳೆಯ ಕನ್ನಡದಲ್ಲಿ ಇಂಥದಕ್ಕೆ ದೀಹವೆಂದು ಹೆಸರು. ಚೀನೀಯಲ್ಲಿ ಈ ದೀಹದ ಹಕ್ಕಿಗೆ ಸುತ್ತುಗೋಡೆಯೊಳಗೆ 'ಬದಲಾಗು' ಎಂಬ ಆಕೃತಿಯಿರುವ ಒಂದು ಅಪರೂಪದ ಅಕ್ಷರವಿದೆ. ಅದಕ್ಕೆ ಶು ಷೆನ್ ಕೊಡುವ ಅರ್ಥ ಒಂದೇ ಪದ, 'ಯಿ'. ವಿದ್ವಾಂಸ ಚಿಯೆನ್ ಝೊಂಗ್‌ಷು 1960ರ ದಶಕದಲ್ಲಿ ಲಿನ್ ಶು ಅವರ ಅನುವಾದಗಳನ್ನು ಕುರಿತು ಬರೆದ ಪ್ರಸಿದ್ಧ ಪ್ರಬಂಧ ಈ ನಮೂದಿನಿಂದಲೇ ಆರಂಭವಾಗುತ್ತದೆ. ಅನುವಾದವು ಸೆಳೆಯುತ್ತದೆ, ತಪ್ಪುತ್ತದೆ, ಮಾರ್ಪಡಿಸುತ್ತದೆ ಎಂಬ ಮೂರನ್ನೂ ಅವರು ಆ ಒಂದು ನಮೂದಿನ ಸುತ್ತಲಿನ ಪದಗಳಿಂದ ಬಿಡಿಸಿ ತೋರಿಸಿದರು. ಲಿನ್ ಶು ಒಂದೂ ಪರಭಾಷೆ ಬಾರದೆ, ಬಲ್ಲವರ ಬಾಯಿಂದ ಕೇಳಿ ನೂರಕ್ಕೂ ಹೆಚ್ಚು ಪಾಶ್ಚಾತ್ಯ ಕೃತಿಗಳನ್ನು ಚೀನೀಗೆ ತಂದವರು. ಅವರ ಓದುಗರಲ್ಲಿ ಹಲವರು, ಸ್ವತಃ ಚಿಯೆನ್ ಕೂಡ, ಆ ಸೆಳೆತದಿಂದಲೇ ಮೂಲಭಾಷೆಗಳನ್ನು ಕಲಿಯಲು ಹೊರಟರು. ಶು ಷೆನ್‌ನ ಮನಸ್ಸಿನಲ್ಲಿ ಇದ್ದದ್ದು ಬಹುಶಃ ಇಷ್ಟು ಸೌಮ್ಯವಾದ ಸೆಳೆತವಲ್ಲ. ತನ್ನ ಜಾತಿಯ ಹಕ್ಕಿಗಳ ಭಾಷೆಯಲ್ಲಿ ಕೂಗಿ ಅವನ್ನು ಬೇಟೆಗಾರನ ಕಡೆಗೆ ಕರೆಯುವ ಕಟ್ಟಿಹಾಕಿದ ಹಕ್ಕಿಗೆ ಅವನು ದುಭಾಷಿಯ ಹೆಸರಿಟ್ಟ. ಎರಡೂ ಮಾತು ಬಲ್ಲವನು ಯಾರ ಕಡೆಯವನು ಎಂಬ ಹಳೆಯ ಅನುಮಾನ ಆ ನಮೂದಿನಲ್ಲಿ ಕುಳಿತಿದೆ.

ಚೀನದಲ್ಲಿ 1956ರಿಂದ ನಡೆದ ಲಿಪಿ ಸರಳೀಕರಣದಲ್ಲಿ ಈ ಅಕ್ಷರದ ಬಲಭಾಗ ಕೆಲವೇ ಗೆರೆಗಳಿಗೆ ಇಳಿದು, ಕಣ್ಣೂ ಕೋಳವೂ ಮಾಯವಾದವು. ಜಪಾನೀಯರು ಅಲ್ಲಿ ಬೇರೊಂದು ಸುಲಭ ಆಕೃತಿಯನ್ನಿಟ್ಟರು. ತೈವಾನ್ ಮತ್ತು ಹಾಂಗ್‌ಕಾಂಗಿನಲ್ಲಿ ಹಳೆಯ ರೂಪವೇ ನಡೆಯುತ್ತಿದೆ. ಉಚ್ಚಾರಣೆಯ ಹಂಚಿಕೆ ಇದಕ್ಕಿಂತ ಸೊಗಸಾಗಿದೆ. ರಾಜಧಾನಿಯ ಮಾತು ಕಳೆದುಕೊಂಡ ಕಕಾರವನ್ನು ದಕ್ಷಿಣದ ಕ್ಯಾಂಟನೀಸ್ ಉಳಿಸಿಕೊಂಡಿದೆ: ಅಲ್ಲಿ ಅದು 'ಯಿಕ್'. 1393ರಲ್ಲಿ ಸರ್ಕಾರಿ ದುಭಾಷಿಗಳ ಕಚೇರಿಯನ್ನು ತೆರೆದ ಕೊರಿಯದಲ್ಲಿ 'ಯೊಕ್', ಜಪಾನಿನಲ್ಲಿ 'ಯಾಕು'. ಉತ್ತರದ ಗಡಿಯಲ್ಲಿ ಹುಟ್ಟಿದ ಹೆಸರಿನ ಹಳೆಯ ದನಿಯನ್ನು ಕೇಳಬೇಕಾದರೆ ಈಗ ಬೀಜಿಂಗಿನಿಂದ ದಕ್ಷಿಣಕ್ಕೋ, ಕಡಲಾಚೆಗೋ ಹೋಗಬೇಕು.